ನಮಗೆ ತೊಡಕು, ಅವರಿಗೆ ಹಕ್ಕು

ಮದ್ದೂರಿನಿಂದ ಬೆಸಗರಹಳ್ಳಿಯ ಕಡೆಗೆ ಹೊರಟರೆ ತೆಂಗಿನ ಮರಕ್ಕೆ ಮೊಳೆ ಹೊಡೆದು ನೇತುಹಾಕಿದ ತಗಡಿನ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಸೈಟುಗಳು ಮಾರಾಟಕ್ಕಿವೆ, ಹೈವೇಗೆ ಹತ್ತೇ ನಿಮಿಷ, ಇಂದೇ ಬುಕ್ ಮಾಡಿ. ಇದು ಡಾ. ಬೆಸಗರಹಳ್ಳಿ ರಾಮಣ್ಣನವರ ಊರು. ವೃತ್ತಿಯಿಂದ ವೈದ್ಯರಾಗಿದ್ದ ಅವರು ಈ ಸೀಮೆಯ ರೈತರ, ಕೂಲಿಗಳ, ದಲಿತರ ಬದುಕನ್ನು ಕಥೆಗಳಾಗಿ ಬರೆದರು. ಒಂದು ಸಂಕಲನಕ್ಕೆ ‘ನೆಲದ ಒಡಲು’ ಎಂದೇ ಹೆಸರಿಟ್ಟರು. ಆ ಒಡಲಿನ ಮೇಲೆ ಈಗ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಮೂವತ್ತು ನಲವತ್ತರ ಲೆಕ್ಕದಲ್ಲಿ ತುಂಡು ಮಾಡಿ ಮಾರಲಾಗುತ್ತಿದೆ.

ಮಾರುವವರ ಜೊತೆಗೆ ಉಪದೇಶ ಮಾಡುವವರೂ ಹುಟ್ಟಿಕೊಂಡಿದ್ದಾರೆ. ಭೂಮಿಯಲ್ಲಿ ಹಣ ಹೂಡುವುದನ್ನು ಆರಂಭಿಸುವುದು ಹೇಗೆ, ಹೊಸಬರು ಬೀಳುವ ಗುಂಡಿಗಳು ಯಾವುವು, ಅವನ್ನು ದಾಟುವುದು ಹೇಗೆ ಎಂದು ಪಟ್ಟಿ ಮಾಡಿ ಹೇಳುತ್ತಾರೆ. ಹೆಣ್ಣುಮಕ್ಕಳ ಸಹಿ ತೆಗೆದುಕೊಳ್ಳಿ, ಪಿಟಿಸಿಎಲ್ ತೊಡಕಿದೆಯೇ ನೋಡಿ, ಖರಾಬು ಬಂದಿದೆಯೇ ಪರೀಕ್ಷಿಸಿ, ಕನ್ವರ್ಶನ್ ಆಗಿದೆಯೇ ಕೇಳಿ. ಈ ಸಲಹೆಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಅದರಲ್ಲಿ ಗುಂಡಿ ಎಂದು ಕರೆದಿರುವ ಒಂದೊಂದೂ ಇನ್ನೊಬ್ಬರ ಹಕ್ಕು. ತಂಗಿಯ ಪಾಲು, ದಲಿತನಿಗೆ ಸಿಕ್ಕ ಭೂಮಿ, ಊರಿನ ಕೆರೆಯ ದಾರಿ, ನೆರೆಯವನ ಮಗು ಆಡಬೇಕಾದ ಜಾಗ. ಕೊಳ್ಳುವವನ ಕಣ್ಣಿನಲ್ಲಿ ಇವೆಲ್ಲ ತೊಡಕುಗಳಾಗಿ ಕಾಣುವಂತೆ ಮಾಡಿರುವುದೇ ಈ ವ್ಯಾಪಾರದ ಮೊದಲ ಮೋಸ ಎಂಬುದು ನಮ್ಮ ವಾದ. ಈ ಮಾತನ್ನು ದೂರ ನಿಂತು ಹೇಳುತ್ತಿಲ್ಲ. ಆ ಮೋಸಕ್ಕೆ ನಾವೂ ಬಿದ್ದವರು, ಬಿದ್ದು ಇನ್ನೊಬ್ಬರನ್ನು ಬೀಳಿಸಲು ಹೊರಟಿದ್ದವರು.

2022ರ ಮಾತು. ಬೆಂಗಳೂರು–ಮೈಸೂರು ದಶಪಥದ ಕಾಮಗಾರಿ ಭರದಿಂದ ನಡೆಯುತ್ತಿತ್ತು. ನಾವು ಐದು ಜನ ಗೆಳೆಯರು, ಇಬ್ಬರು ಮೇಷ್ಟ್ರುಗಳು, ಒಬ್ಬರು ಬಟ್ಟೆ ಅಂಗಡಿಯವರು, ಒಬ್ಬರು ಬಸ್ ಕಂಡಕ್ಟರ್, ಇನ್ನೊಬ್ಬರು ಸೌದಿಯಲ್ಲಿ ಹನ್ನೆರಡು ವರ್ಷ ದುಡಿದು ಬಂದವರು. ಹಬ್ಬಕ್ಕೆ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವವರು. ನಮ್ಮಲ್ಲಿ ಮುಸ್ಲಿಮರಿದ್ದರು, ಒಕ್ಕಲಿಗರಿದ್ದರು. ದಲಿತರು ಯಾರೂ ಇರಲಿಲ್ಲ. ಇದ್ದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೇನೋ. ಐವರೂ ಸೇರಿ ಬೆಸಗರಹಳ್ಳಿಯ ಆಸುಪಾಸಿನಲ್ಲಿ ಇಪ್ಪತ್ತು ಗುಂಟೆ ಜಮೀನು ಕೊಂಡು, ಆಮೇಲೆ ಸೈಟು ಮಾಡಿ ಹಂಚಿಕೊಳ್ಳುವುದು, ಉಳಿದದ್ದನ್ನು ಮಾರುವುದು ಎಂದು ಲೆಕ್ಕ ಹಾಕಿದೆವು.

ಮಧ್ಯವರ್ತಿಯ ಮಾತು ಈಗಲೂ ಕಿವಿಯಲ್ಲಿದೆ. “ಯೋಚ್ನೆ ಮಾಡ್ಬೇಡಿ ಸಾ. ರೋಡು ಒಂದು ಓಪನ್ ಆಗ್ಲಿ, ಎರಡೇ ವರ್ಸಕ್ಕೆ ಡಬಲ್ ಆಯ್ತದೆ. ಭೂಮಿ ಯಾವತ್ತೂ ಮೋಸ ಮಾಡಾಕಿಲ್ಲ.” ಪಹಣಿ ತೋರಿಸಿದ. ಒಂಬತ್ತನೇ ಕಾಲಮಿನಲ್ಲಿ ಮಾರುವವನ ಹೆಸರಿತ್ತು. ಹದಿನೈದು ವರ್ಷದ ಋಣಭಾರ ಪತ್ರ ತೋರಿಸಿದ, ಅದರಲ್ಲಿ ಸಾಲವೇನೂ ಇರಲಿಲ್ಲ. ಇನ್ನೇನು ಬೇಕು? ತಲಾ ಐವತ್ತು ಸಾವಿರದಂತೆ ಎರಡೂವರೆ ಲಕ್ಷ ಮುಂಗಡ ಕೊಟ್ಟು, ಛಾಪಾ ಕಾಗದದ ಮೇಲೆ ಕರಾರು ಬರೆಸಿಕೊಂಡೆವು. ಅದನ್ನು ನೋಂದಣಿ ಮಾಡಿಸಲಿಲ್ಲ. ಖರ್ಚು ಯಾಕೆ ಎಂದ, ನಾವೂ ಹೌದೆಂದೆವು.

ಕ್ರಯಪತ್ರಕ್ಕೆ ಮುಂಚೆ ಒಬ್ಬ ವಕೀಲರಿಗೆ ಕಾಗದ ತೋರಿಸೋಣ ಎಂದದ್ದು ನಮ್ಮ ಕಂಡಕ್ಟರ್ ಗೆಳೆಯ. ವಕೀಲರು ಪಹಣಿಯನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟರು. “ಇದು ಈಗಿನದು. ಕೈಬರಹದ ಹಳೇ ಪಹಣಿ ಎಲ್ಲಿ? ಈ ಜಮೀನು ಮೊದಲು ಯಾರದ್ದು, ಅವರಿಗೆ ಹೇಗೆ ಬಂತು?” ಎಂದರು. ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಿಂದ ನಕಲು ತೆಗೆಸಿದಾಗ ತಿಳಿಯಿತು. ಅದು ಎಪ್ಪತ್ತರ ದಶಕದಲ್ಲಿ ಸರ್ಕಾರ ಒಬ್ಬ ಪರಿಶಿಷ್ಟ ಜಾತಿಯ ಕೂಲಿಕಾರನಿಗೆ ದರಖಾಸ್ತಿನಲ್ಲಿ ಮಂಜೂರು ಮಾಡಿದ ಭೂಮಿ. ನಡುವೆ ಎರಡು ಕೈ ಬದಲಾಗಿತ್ತು.

ಮಧ್ಯವರ್ತಿಗೆ ಇದು ಮೊದಲೇ ಗೊತ್ತಿತ್ತು. “ಅದೇನು ದೊಡ್ಡ ವಿಷ್ಯ ಅಲ್ಲ ಸಾ, ಆ ಮನೇಲಿ ಒಬ್ಬ ಮುದುಕಿ ಅವ್ಳೆ. ಇನ್ನೊಂದು ಐವತ್ತು ಸಾವ್ರ ಬಿಸಾಕಿದ್ರೆ ಸಹಿ ಹಾಕ್ಕೊಡ್ತಾಳೆ” ಎಂದ. ಇಲ್ಲಿ ನಮ್ಮ ನಾಚಿಕೆಯ ವಿಷಯವನ್ನೂ ಹೇಳಿಬಿಡಬೇಕು. ನಾವು ಒಪ್ಪಿದೆವು. ಆ ಐವತ್ತು ಸಾವಿರ ಹೊಂದಿಸಿಕೊಂಡು ಆ ಮನೆಗೆ ಹೋದೆವು.

ಅಜ್ಜಿ ಜಗುಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ನಮ್ಮನ್ನು ಕೂರಿಸಿ ನೀರು ಕೊಟ್ಟರು. ಜಮೀನಿನ ಮಾತು ತೆಗೆದಾಗ ಅವರು ಹೇಳಿದ್ದು ಇಷ್ಟೇ: “ನಾವು ಮಾರ್ಲಿಲ್ಲ ಕಣಪ್ಪ. ಮಗಳ ಮದ್ವೆಗೆ ಸಾಲ ತಂದಿದ್ದೋ. ಸಾಲದ ಪತ್ರ ಅಂದ್ರು, ನಮ್ಮ ಯಜಮಾನ್ರು ಎಬ್ಬೆಟ್ಟು ಒತ್ತುದ್ರು. ಆಮೇಕೆ ನೋಡುದ್ರೆ ಭೂಮಿನೇ ಓಗಿತ್ತು. ಈಗ ಅದೇ ಒಲ್ದಲ್ಲಿ ಕೂಲಿಗೆ ಓಯ್ತೀನಿ.” ಐವತ್ತು ಸಾವಿರದ ಕವರನ್ನು ನಮ್ಮಲ್ಲಿ ಯಾರೂ ಜೇಬಿನಿಂದ ತೆಗೆಯಲಿಲ್ಲ. ಮುಂಗಡ ಕೊಟ್ಟಿದ್ದ ಎರಡೂವರೆ ಲಕ್ಷದಲ್ಲಿ ಒಂದು ಲಕ್ಷ ವಾಪಸು ಬಂತು. ಉಳಿದದ್ದು ಇವತ್ತಿಗೂ ಬಂದಿಲ್ಲ.

ಆ ದಿನದವರೆಗೆ ನಮ್ಮ ಬಾಯಲ್ಲಿ ಪಿಟಿಸಿಎಲ್ ಎಂಬುದು ಒಂದು ಬೈಗುಳವಾಗಿತ್ತು. ‘ಅಯ್ಯೋ ಅದು ಪಿಟಿಸಿಎಲ್ ಜಮೀನು’ ಎಂದು ಮೂಗು ಮುರಿಯುತ್ತಿದ್ದೆವು. ಈ ಕಾಯ್ದೆ ಯಾಕೆ ಬಂತೆಂದು ಓದಿದವರಲ್ಲ. ಕರ್ನಾಟಕದ ಈ ಕಾಯ್ದೆಯನ್ನು 1978ರಲ್ಲಿ ಮಾಡಲಾಯಿತು, 1979ರ ಜನವರಿಯಿಂದ ಜಾರಿಗೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಂಜೂರಾತಿಯ ಷರತ್ತು ಮುರಿದು ಪರಭಾರೆ ಮಾಡಿದ್ದರೆ, ಅದು ಕಾಯ್ದೆಗಿಂತ ಹಿಂದಿನ ಮಾರಾಟವಾಗಿದ್ದರೂ ಅಸಿಂಧು. ಕಾಯ್ದೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಉಪವಿಭಾಗಾಧಿಕಾರಿ ಅಂಥ ಭೂಮಿಯನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಮರಳಿಸಬಹುದು. ಕೊಂಡವರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಭೂಮಿ ವಾಪಸು ಕೇಳುವ ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಇದರಿಂದ ಅನೇಕ ಅರ್ಜಿಗಳು ತಡವಾಯಿತೆಂಬ ಕಾರಣಕ್ಕೇ ಬಿದ್ದುಹೋದವು. ದಲಿತ ಸಂಘಟನೆಗಳು ಬೆಂಗಳೂರಿನಲ್ಲಿ ದೀರ್ಘಕಾಲ ಧರಣಿ ಕೂತವು. 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದು ಬರೆಯಿತು. ವಿಳಂಬದ ಪ್ರಶ್ನೆ ಅದಾದ ಮೇಲೂ ಕೋರ್ಟುಗಳ ಮುಂದೆ ಬರುತ್ತಲೇ ಇದೆ.

ಅಂದರೆ ಅಜ್ಜಿಯ ಸಹಿ ತಂದಿದ್ದರೂ ನಮ್ಮ ಕ್ರಯ ನಿಲ್ಲುತ್ತಿರಲಿಲ್ಲ. ಸಹಿ ಮಾಡಿದರೆ ಸಾಕು ಎಂದ ಮಧ್ಯವರ್ತಿ ನಮಗೂ ಸುಳ್ಳು ಹೇಳಿದ್ದ, ಅಜ್ಜಿಗೂ ಸುಳ್ಳು ಹೇಳಲು ಸಿದ್ಧನಿದ್ದ. ಅಕ್ಷರ ಬಾರದವನ ಹೆಬ್ಬೆಟ್ಟು ಎಷ್ಟು ಅಗ್ಗ ಎಂದು ತಿಳಿದವರೇ ಆ ಕಾಯ್ದೆಯನ್ನು ಬರೆದಿದ್ದಾರೆ. ನಮ್ಮ ಹೂಡಿಕೆಗೆ ಅಡ್ಡಬಂದ ಕಲ್ಲು, ಆ ಮನೆಗೆ ಉಳಿದಿದ್ದ ಒಂದೇ ಗೋಡೆ.

ಇದೇ ಕಣ್ಣಿನಿಂದ ಮಿಕ್ಕ ತೊಡಕುಗಳನ್ನೂ ನೋಡೋಣ. ಹೆಣ್ಣುಮಕ್ಕಳ ಸಹಿ ಇಲ್ಲದೆ ಪಿತ್ರಾರ್ಜಿತ ಆಸ್ತಿ ಕೊಂಡರೆ ಕೋರ್ಟಿಗೆ ಅಲೆಯಬೇಕಾದೀತು ಎಂದು ಎಲ್ಲರೂ ಎಚ್ಚರಿಸುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತ್ತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂದೇನಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೀಗಿರುವಾಗ ನಮ್ಮ ಸೀಮೆಯಲ್ಲಿ ನಡೆಯುವುದೇನು? ಕ್ರಯದ ದಿನ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆತಂದು, ಒಂದು ಸೀರೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಟ್ಟು ಸಹಿ ಹಾಕಿಸುತ್ತಾರೆ. ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ. ಮುಸ್ಲಿಂ ಮನೆಗಳವರು ಇದನ್ನು ನೋಡಿ ಬೀಗಬೇಕಾಗಿಲ್ಲ. ಧರ್ಮವೇ ಮಗಳಿಗೆ ಪಾಲು ಗೊತ್ತುಮಾಡಿದೆ ಎಂದು ಭಾಷಣ ಮಾಡುವ ನಾವು, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂದು ಆ ಪಾಲನ್ನು ಅಣ್ಣತಮ್ಮಂದಿರ ಹೆಸರಿಗೆ ಬರೆಸಿಕೊಂಡಿರುವ ಮನೆಗಳು ಎಷ್ಟಿಲ್ಲ? ಕೊಳ್ಳುವವನು ‘ಎಲ್ಲರ ಸಹಿ ಇದೆಯಲ್ಲ’ ಎಂದು ನೆಮ್ಮದಿಯಾಗಿದ್ದರೆ ಸಾಲದು. ಮಾರಾಟದ ಹಣದಲ್ಲಿ ಅವರ ಪಾಲು ಅವರ ಕೈ ಸೇರಿತೇ ಎಂದು ಕೇಳುವಷ್ಟು ಧೈರ್ಯ ತೋರಲಿ. ಚೆಕ್ಕನ್ನು ಒಬ್ಬೊಬ್ಬರ ಹೆಸರಿಗೆ ಬೇರೆಬೇರೆಯಾಗಿ ಬರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಇನ್ನು ಖರಾಬು. ಪಹಣಿಯಲ್ಲಿ ‘ಎ’ ಖರಾಬು, ‘ಬಿ’ ಖರಾಬು ಎಂದು ಎರಡಿವೆ. ‘ಎ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ಸಾರ್ವಜನಿಕರದ್ದು, ಅಂದರೆ ಹಳ್ಳ, ಬಂಡಿದಾರಿ, ಕೆರೆಯ ಅಂಗಳ, ಸ್ಮಶಾನ. ಬಡಾವಣೆಯ ನಕ್ಷೆ ಬರೆಯುವವನು ಈ ಹಳ್ಳವನ್ನು ಮುಚ್ಚಿ ಕೊನೆಯ ಸಾಲಿನ ನಾಲ್ಕು ಸೈಟು ಮಾಡಿರುತ್ತಾನೆ. ಅದನ್ನೇ ‘ಕಾರ್ನರ್ ಸೈಟು’ ಎಂದು ಹೆಚ್ಚಿನ ದರಕ್ಕೆ ಮಾರುತ್ತಾನೆ. ಜೋರು ಮಳೆ ಬಂದ ವರ್ಷ ನೀರು ತನ್ನ ದಾರಿ ಹುಡುಕಿಕೊಂಡು ಬರುತ್ತದೆ. ಬೆಂಗಳೂರಿನ ರಾಜಕಾಲುವೆಗಳ ಮೇಲೆ ಮನೆ ಕಟ್ಟಿಕೊಂಡವರು 2022ರ ಮಳೆಯಲ್ಲಿ ಇದನ್ನು ಕಂಡಿದ್ದಾರೆ.

ಸೈಟಿನ ಲೆಕ್ಕವನ್ನೂ ಮಾಡಿ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ಅದನ್ನು 1,200 ಚದರ ಅಡಿಯ ಸೈಟುಗಳಾಗಿ ಭಾಗಿಸಿದರೆ 36 ಬರುತ್ತದೆ. ಆದರೆ ಕಾನೂನಿನ ಪ್ರಕಾರ ಬಡಾವಣೆ ಮಾಡುವವನು ರಸ್ತೆ, ಚರಂಡಿ, ಪಾರ್ಕು, ನಾಗರಿಕ ಸೌಲಭ್ಯಕ್ಕೆಂದು ಜಾಗ ಬಿಡಬೇಕು. ಬಿಟ್ಟರೆ ಎಕರೆಗೆ ಇಪ್ಪತ್ತರ ಆಸುಪಾಸಿನಲ್ಲಿ ಸೈಟು ಸಿಕ್ಕೀತು. ರೆವಿನ್ಯೂ ಸೈಟಿನವನು ಗಾಡಿ ತಿರುಗುವಷ್ಟು ಓಣಿ ಬಿಟ್ಟು ಮೂವತ್ತು ಮಾಡುತ್ತಾನೆ. ಹೆಚ್ಚಾದ ಆ ಹತ್ತು ಸೈಟು ನಿಮ್ಮ ಮಕ್ಕಳ ಪಾರ್ಕು, ನಿಮ್ಮ ಬೀದಿಯ ಚರಂಡಿ. ಅಗ್ಗವಾಗಿ ಸಿಕ್ಕಿತೆಂದು ನೀವು ಸಂತೋಷಪಟ್ಟದ್ದು ಆ ಚರಂಡಿಯ ದುಡ್ಡಿಗೆ.

ಅಂಥವನು ‘ಇ-ಖಾತೆ ಇದೆ’ ಎಂದು ಒಂದು ಕಾಗದ ತೋರಿಸುತ್ತಾನೆ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ಕಾಗದದ ಮೇಲೆ ಯಾವ ನಮೂನೆ ಎಂದು ಬರೆದಿದೆ, ಓದಿ. ಗ್ರಾಮಠಾಣದ, ಅಥವಾ ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಸ್ವತ್ತಿಗೆ ನಮೂನೆ 9 ಮತ್ತು 11-ಎ ಕೊಡುತ್ತಾರೆ. ಹಾಗಲ್ಲದ ಸ್ವತ್ತಿಗೆ ಸಿಗುವುದು 11-ಬಿ. ಪಂಚಾಯಿತಿ ಕಂದಾಯ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಒಂದಕ್ಷರದ ವ್ಯತ್ಯಾಸದಲ್ಲಿ ಎಷ್ಟೋ ಕುಟುಂಬಗಳ ಜೀವಮಾನದ ಉಳಿತಾಯ ಸಿಕ್ಕಿಹಾಕಿಕೊಂಡಿದೆ. ಇಂಥ ಸೈಟಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುವುದರಿಂದ ಜನ ಒಡವೆ ಅಡವಿಟ್ಟು, ಚೀಟಿ ಎತ್ತಿ, ಕೈಸಾಲ ಮಾಡಿ ದುಡ್ಡು ಹೊಂದಿಸುತ್ತಾರೆ. ಹೆಸರು ಕೇಳಿದ ಕೂಡಲೇ ‘ಬಾಡಿಗೆಗೆ ಇಲ್ಲ’ ಎನ್ನುವ ನಗರದಲ್ಲಿ, ಒಳ್ಳೆಯ ಬಡಾವಣೆಯಲ್ಲಿ ಜಾತಿ ಧರ್ಮ ವಿಚಾರಿಸಿ ಸೈಟು ಕೊಡುವ ಕಾಲದಲ್ಲಿ, ದಲಿತರು ಮುಸ್ಲಿಮರು ಇಂಥ ರೆವಿನ್ಯೂ ಸೈಟುಗಳ ಕಡೆಗೇ ತಳ್ಳಲ್ಪಡುತ್ತಾರೆ ಎಂಬುದನ್ನೂ ಇಲ್ಲಿ ಮರೆಯಬಾರದು. ಅವರು ಮೂರ್ಖರಾಗಿ ಅಲ್ಲಿಗೆ ಹೋದವರಲ್ಲ.

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ರೈತನೇ ಮಾರಲು ತಯಾರಿರುವಾಗ ನಿಮಗೇನು ಕಷ್ಟ ಎಂಬುದು. ನಿಜ, ರೈತ ಮಾರುತ್ತಾನೆ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ ಬಾಕಿಗಾಗಿ ಕಾಯುವವನಿಗೆ, ಮಕ್ಕಳು ಬೆಂಗಳೂರಿನಲ್ಲಿ ಕೆಲಸ ಹಿಡಿದು ಹಿಂದಿರುಗದವನಿಗೆ, ಮಾರುವ ಹಕ್ಕು ಇಲ್ಲವೆನ್ನಲು ನಾವು ಯಾರು? ಆದರೆ ಅವನು ಎಕರೆಯ ಲೆಕ್ಕದಲ್ಲಿ ಮಾರಿದ್ದನ್ನು ಅಡಿಯ ಲೆಕ್ಕದಲ್ಲಿ ಕೊಳ್ಳುವವರು ನೀವು. ಈ ಎರಡು ದರಗಳ ನಡುವೆ ಇರುವ ಹಣ ರೈತನಿಗೂ ಹೋಗಲಿಲ್ಲ, ನಿಮಗೂ ಉಳಿಯಲಿಲ್ಲ. 1974ರ ಭೂಸುಧಾರಣೆಯ ಹೊತ್ತಿಗೆ ಬಂದ 79ಎ, 79ಬಿ ಕಲಮುಗಳು, ಕೃಷಿಯಿಂದ ಬದುಕದ ಶ್ರೀಮಂತರು ಕೃಷಿ ಭೂಮಿ ಕೊಳ್ಳುವುದಕ್ಕೆ ಮಿತಿ ಹಾಕಿದ್ದವು. 2020ರಲ್ಲಿ ರಾಜ್ಯ ಸರ್ಕಾರ ಅವನ್ನು 1974ರಿಂದಲೇ ಇರಲಿಲ್ಲ ಎನ್ನುವಂತೆ ತೆಗೆದುಹಾಕಿತು. ರೈತ ಸಂಘಟನೆಗಳು ಬೀದಿಗಿಳಿದವು. ರೈತನಿಗೆ ಹೆಚ್ಚು ಗಿರಾಕಿಗಳು ಸಿಗುತ್ತಾರೆ ಎಂದು ಸಮರ್ಥಿಸಿಕೊಳ್ಳಲಾಯಿತು. ಗಿರಾಕಿಗಳು ಬಂದದ್ದು ನಿಜ. ಉಳುವವನೇ ಹೊಲದೊಡೆಯ ಎಂದು ಹೊರಟ ನಾಡಿನಲ್ಲಿ ಬೇಲಿ ಹಾಕಿ ಬೀಳುಬಿಟ್ಟವನೂ ಹೊಲದೊಡೆಯನಾದ.

ಎರಡನೆಯದು, ಮಧ್ಯಮವರ್ಗದವನು ನಾಲ್ಕು ಕಾಸು ಎಲ್ಲಿ ಇಡಬೇಕು ಎಂಬುದು. ಇದು ನ್ಯಾಯವಾದ ಪ್ರಶ್ನೆ. ಹಾಗಾದರೆ ಬೋರ್ಡಿನ ಭರವಸೆಯನ್ನು ಅಂಕಿಯಲ್ಲೇ ಪರೀಕ್ಷಿಸೋಣ. ಹತ್ತು ಲಕ್ಷದ ಸೈಟಿಗೆ ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾಗಿರುವ ಶೇ. 2 ನೋಂದಣಿ ಶುಲ್ಕ ಸೇರಿ ಏಳೂವರೆ ಲೆಕ್ಕದಲ್ಲಿ ಎಪ್ಪತ್ತೈದು ಸಾವಿರ ಹೋಯಿತು. ಆ ಹಣಕ್ಕೆ ಶೇ. 9ರ ಬಡ್ಡಿ ಹಾಕಿದರೆ ಐದು ವರ್ಷಕ್ಕೆ ಹದಿನಾರೂವರೆ ಲಕ್ಷವಾಗುತ್ತದೆ. ಅಷ್ಟಕ್ಕೆ ಮಾರಿದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಷ್ಟು ಕೊಡುವವನು ಬೆಸಗರಹಳ್ಳಿಯ ಬಯಲಿನಲ್ಲಿ ಐದು ವರ್ಷದ ಮೇಲೆ ಬರುತ್ತಾನೆಯೇ? ಅವನು ಅಲ್ಲಿ ಮನೆ ಕಟ್ಟುತ್ತಾನೆಯೇ, ಇಲ್ಲ ಅವನೂ ಇನ್ನೊಬ್ಬನಿಗಾಗಿ ಕಾಯುವವನೇ? ಯಾರೂ ವಾಸ ಮಾಡದ ಬಡಾವಣೆಯಲ್ಲಿ ಎಲ್ಲರೂ ಮುಂದಿನ ಗಿರಾಕಿಗೆ ಕಾಯುತ್ತಿದ್ದರೆ ಅದನ್ನು ಹೂಡಿಕೆ ಎನ್ನಬಾರದು, ಜೂಜು ಎನ್ನಬೇಕು.

ಹೆದ್ದಾರಿ ಬಂದರೆ ಎಲ್ಲವೂ ಬದಲಾಗುತ್ತದೆ ಎಂದರು. 2023ರ ಮಾರ್ಚ್ 12ರಂದು ಪ್ರಧಾನಿ ಅದನ್ನು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರು ಓಡುವಂತಿಲ್ಲ ಎಂದಾಯಿತು. ಮದ್ದೂರಿನ ಮೇಲಿನಿಂದಲೇ ಕಾರುಗಳು ಹಾರಿಹೋಗುವಾಗ ಹಳೇ ರಸ್ತೆಯ ವಡೆ, ಎಳನೀರಿನ ಅಂಗಡಿಯವರು ಗಿರಾಕಿಯಿಲ್ಲದೆ ಗೋಳಾಡಿದರು. ಸ್ಕೂಟರಿನಲ್ಲಿ ಬಂದು ಸೈಟು ನೋಡಿಹೋದ ಮೇಷ್ಟ್ರು, ತನ್ನ ಸೈಟಿಗೆ ಬೆಲೆ ತಂದುಕೊಟ್ಟಿತೆನ್ನುವ ರಸ್ತೆಯ ಮೇಲೆ ತನ್ನ ಸ್ಕೂಟರನ್ನು ಹತ್ತಿಸುವಂತಿಲ್ಲ!

ಹಾಗೆಂದು ನೆಲ ಕೊಳ್ಳಲೇಬೇಡಿ ಎಂದು ನಾವು ಹೇಳುವುದಿಲ್ಲ. ವಾಸಕ್ಕೊಂದು ಸೂರು, ಬೇಸಾಯಕ್ಕೊಂದು ತುಂಡು ಬೇಕೆಂಬ ಆಸೆ ಪಾಪವಲ್ಲ. ಕೊಳ್ಳುವುದಾದರೆ ಮೂಲದಿಂದ ಹೊರಡಿ. ಈಗಿನ ಪಹಣಿ ಸಾಲದು. ಕೈಬರಹದ ಪಹಣಿ, ಮ್ಯುಟೇಶನ್, ಮಂಜೂರಾತಿ ಕಡತದವರೆಗೆ ಹಿಂದಕ್ಕೆ ಹೋಗಿ. ಹನ್ನೊಂದನೇ ಕಾಲಮನ್ನು ಬಿಡದೆ ಓದಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಕೊಳ್ಳುವುದಾದರೆ ಪೋಡಿ ಆಗಿದೆಯೇ, 11-ಇ ನಕ್ಷೆ ಇದೆಯೇ ಕೇಳಿ. ಸರ್ಕಾರದ ದಿಶಾಂಕ್ ಆ್ಯಪನ್ನು ಜಮೀನಿನ ಮೇಲೆ ನಿಂತು ತೆರೆದರೆ ನೀವು ನಿಂತಿರುವ ಸರ್ವೆ ನಂಬರು, ಹತ್ತಿರದ ಹಳ್ಳ ಕೆರೆ ಕಾಣುತ್ತವೆ. ಬಡಾವಣೆಯ ಸೈಟಾದರೆ ರೇರಾ ನೋಂದಣಿ ಸಂಖ್ಯೆ ಕೇಳಿ. 2016ರ ಆ ಕಾಯ್ದೆಯ ಪ್ರಕಾರ ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು ನೋಂದಣಿ ಮಾಡಿಸದೆ ಜಾಹೀರಾತು ಕೊಡುವುದೂ ತಪ್ಪು. ಜಿಪಿಎ ಮೇಲೆ ಮಾರುತ್ತೇನೆ ಎಂದವನಿಗೆ ಕೈಮುಗಿಯಿರಿ. ಜಿಪಿಎ ಕೊಟ್ಟ ಮಾತ್ರಕ್ಕೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಕರಾರನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿ ಕೊಡಬೇಡಿ. ಮಧ್ಯವರ್ತಿ ತೋರಿಸಿದ ವಕೀಲನ ಹತ್ತಿರ ಹೋಗಬೇಡಿ, ನಿಮ್ಮ ವಕೀಲನನ್ನು ನೀವೇ ಹುಡುಕಿ.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಯಾವ ಸಲಹೆಗಾರನೂ ಅದನ್ನು ಹೇಳುವುದಿಲ್ಲ. ಆ ಊರಿಗೆ ಮಧ್ಯವರ್ತಿಯಿಲ್ಲದೆ ಒಂದು ಸಲ ಹೋಗಿ. ಊರಿನವರಿರುವ ಕಡೆಗೂ, ಕೇರಿಯವರಿರುವ ಕಡೆಗೂ ಹೋಗಿ. ಈ ಜಮೀನು ಯಾರದ್ದಾಗಿತ್ತು, ಹೇಗೆ ಹೋಯಿತು ಎಂದು ಕೇಳಿ. ಜಗುಲಿಯ ಮೇಲೆ ಕೂತ ಯಾವುದೋ ಅಜ್ಜಿಗೆ ತಾಲ್ಲೂಕು ಕಚೇರಿಯ ಕಡತಕ್ಕಿಂತ ಹೆಚ್ಚು ಗೊತ್ತಿರುತ್ತದೆ. ಅವರ ಉತ್ತರ ಕೇಳಿದ ಮೇಲೂ ನಿಮಗೆ ಕೊಳ್ಳಬೇಕೆನಿಸಿದರೆ ಕೊಳ್ಳಿ.

ನಮ್ಮ ಐವರಲ್ಲಿ ಯಾರಿಗೂ ಅಲ್ಲಿ ಸೈಟಿಲ್ಲ. ಹಳೇ ಪಹಣಿಯ, ಮಂಜೂರಾತಿಯ ನಕಲುಗಳನ್ನು ನಾವು ಆ ಅಜ್ಜಿಯ ಮೊಮ್ಮಗನಿಗೆ ಕೊಟ್ಟೆವು. ಆ ಹುಡುಗ ಅವನ್ನು ಲಗತ್ತಿಸಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕಿದ್ದಾನೆ. ವಿಚಾರಣೆಯ ದಿನಗಳು ಮುಂದಕ್ಕೆ ಹೋಗುತ್ತಿವೆ. ಮೇಷ್ಟ್ರುಗಳಲ್ಲಿ ಒಬ್ಬರು ರಜೆ ಹಾಕಿ ಅವನ ಜೊತೆ ಹೋಗಿಬರುತ್ತಾರೆ. ಕಳೆದುಕೊಂಡ ಒಂದೂವರೆ ಲಕ್ಷದಲ್ಲಿ ನಾವು ಕಂಡ ಲಾಭ ಸದ್ಯಕ್ಕೆ ಇಷ್ಟು.